ಮಳೆಗಾಲದಲ್ಲಿ ಗೋಕರ್ಣದಿಂದ ಮಾಣಿಕಟ್ಟಾಕ್ಕೆ

ಜುಲೈ ಕೊನೆಯಲ್ಲಿ ಗೋಕರ್ಣಕ್ಕೆ ಹೊರಟಿದ್ದೀನಿ ಅಂದರೆ ಯಾರೂ ನಂಬಲಿಲ್ಲ. ‘ಅಲ್ಲಿ ಈಗ ಏನಿರುತ್ತೆ?’ ಅಂದರು. ಬೀಚಿನ ಲೆಕ್ಕ ಹಿಡಿದರೆ ಏನೂ ಇಲ್ಲ, ನಿಜ. ಓಂ ಬೀಚಿನ ಅಂಗಡಿಗಳಿಗೆ ನೀಲಿ ತಾಡಪಾಲು ಸುತ್ತಿದ್ದರು. ಸಮುದ್ರ ಕೆಂಪಾಗಿ ಕದಡಿ ಅಬ್ಬರಿಸುತ್ತಿತ್ತು. ರೂಮು ಮಾತ್ರ ಅರ್ಧ ಬೆಲೆಗೆ ಸಿಕ್ಕಿತು. ನನಗಂತೂ ಡಿಸೆಂಬರಿನ ಗೋಕರ್ಣಕ್ಕಿಂತ ಇದೇ ವಾಸಿ. ಆಗ ಅಲ್ಲಿ ಅಲೆಗಿಂತ ಸ್ಪೀಕರಿನ ಸದ್ದೇ ಜಾಸ್ತಿ.

ಬಾಡಿಗೆಗೆ ಒಂದು ಸ್ಕೂಟರ್ ಹಿಡಿದು ತದಡಿಗೆ ಹೋದೆ. ಅಲ್ಲಿಂದ ದೋಣಿಗೆ ಗಾಡಿ ಹತ್ತಿಸಿ ಆಚೆ ದಡದ ಅಘನಾಶಿನಿ ಊರಿಗೆ ದಾಟುವುದು ಅಂತ ಲೆಕ್ಕ. ಗಾಳಿ ಜೋರಾಗಿದೆ ಅಂತ ದೋಣಿ ನಿಂತಿತ್ತು. ಬಂದರಿನಲ್ಲಿ ಮೀನಿನ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಬಲೆ ಹೊಲಿಯುತ್ತಿದ್ದವರೊಬ್ಬರು ತಲೆ ಎತ್ತದೆ ‘ಮಿರ್ಜಾನ್ ಮೇಲೆ ಸುತ್ತಿ ಹೋಗಿ’ ಅಂದರು. ಅಘನಾಶಿನಿ ನದಿಯ ಆಚೆ ದಡ ಕಣ್ಣಿಗೆ ಕಾಣುತ್ತದೆ, ಆದರೆ ಹೆದ್ದಾರಿಗೆ ಹೋಗಿ, ಸೇತುವೆ ದಾಟಿ, ಕುಮಟಾಕ್ಕೆ ಬಂದು ಮತ್ತೆ ಸಮುದ್ರದ ಕಡೆ ತಿರುಗಬೇಕು.

ಮಿರ್ಜಾನ್ ಕೋಟೆ ದಾರಿಯಲ್ಲೇ ಸಿಕ್ಕಿತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆ ಬರುವ ಕೋಟೆ. ಪೋರ್ಚುಗೀಸರು ಆಕೆಯನ್ನು ಕಾಳುಮೆಣಸಿನ ರಾಣಿ ಎಂದು ಕರೆದಿದ್ದರು. ಜಂಬಿಟ್ಟಿಗೆಯ ಗೋಡೆ ಪೂರ್ತಿ ಪಾಚಿ ಹಿಡಿದು ಹಸಿರಾಗಿತ್ತು. ಫೋಟೊ ತೆಗೆಯುವವರಿಗೆ ಸ್ವರ್ಗ. ನಾನು ಬೇಗ ಹೊರಟೆ. ಕುಮಟಾದಲ್ಲಿ ಕುಚಲಕ್ಕಿ ಅನ್ನ, ಒಣಸಿಗಡಿ ಚಟ್ನಿ. ಹಸಿ ಮೀನಿಲ್ಲ ಅಂತ ಹೋಟೆಲಿನವರು ಬೇಜಾರು ಮಾಡಿಕೊಂಡರು. ನನಗೆ ಆ ಚಟ್ನಿಯೇ ಸಾಕಾಗಿತ್ತು, ಎರಡು ಸಲ ಹಾಕಿಸಿಕೊಂಡೆ.

ಮುಂದೆ ಮಾಣಿಕಟ್ಟಾ ಅನ್ನುವ ಊರಿನ ಹತ್ತಿರ ಮಳೆ ಹಿಡಿಯಿತು. ಕಟ್ಟೆಯ ಪಕ್ಕ ಒಂದು ಗುಡಿಸಲು ಇತ್ತು. ಒಳಗೆ ಕಂಬಳಿ ಹೊದ್ದ ಅಜ್ಜ ಕೂತಿದ್ದರು. ಮುಂದೆ ಕಣ್ಣು ಹಾಯುವವರೆಗೆ ನೀರು. ಅದರೊಳಗಿಂದ ಹಸಿರು ಕಡ್ಡಿಗಳು ಎದ್ದು ನಿಂತಿದ್ದವು.

‘ಅಜ್ಜಾ, ಇದು ಹೊಳೆಯೋ ಗದ್ದೆಯೋ?’

‘ಮಳೆಗಾಲಕ್ಕೆ ಗದ್ದೆ ತಂಗಿ. ಆಮೇಲೆ ಹೊಳೆ.’

ನಾನು ನಕ್ಕೆ. ಅವರು ನಗಲಿಲ್ಲ. ನಿಜವನ್ನೇ ಹೇಳಿದ್ದರು. ಅದು ಗಜನಿ ಭೂಮಿ. ಭರತ, ಅಂದರೆ ಸಮುದ್ರದ ಉಬ್ಬರ, ಬಂದಾಗ ಉಪ್ಪುನೀರು ನುಗ್ಗುವ ಜಾಗ. ಮೊದಲ ಮಳೆ ಚೆನ್ನಾಗಿ ಹೊಡೆದು ಮಣ್ಣಿನ ಉಪ್ಪು ತೊಳೆದರೆ ಬಿತ್ತನೆ. ಬೆಳೆಯುವುದು ಕಗ್ಗ ಅನ್ನುವ ಭತ್ತ. ಉಪ್ಪು ತಡೆಯುತ್ತದೆ, ಕೆಲವು ದಿನ ನೀರಲ್ಲಿ ಮುಳುಗಿದರೂ ಸಾಯುವುದಿಲ್ಲ, ನೀರು ಏರಿದ ಹಾಗೆ ತಾನೂ ಎತ್ತರಕ್ಕೆ ಹೋಗುತ್ತದೆ. ಗೊಬ್ಬರ, ಔಷಧಿ ಏನೂ ಇಲ್ಲ. ಕೊಯ್ಲಿಗೆ ನೀರಿಗಿಳಿದು ತೆನೆ ಮಾತ್ರ ಕತ್ತರಿಸುತ್ತಾರೆ. ಕಡ್ಡಿ ಅಲ್ಲೇ ಕೊಳೆಯಬೇಕು. ಆಮೇಲೆ ಕಟ್ಟೆಯ ಹಲಗೆ ಬಾಗಿಲು ತೆಗೆದು ಹೊಳೆ ನೀರು ಬಿಡುತ್ತಾರೆ. ಕೊಳೆತ ಕಡ್ಡಿ ತಿನ್ನಲು ಸಿಗಡಿ, ಮೀನು ಬರುತ್ತವೆ.

‘ನಿಮ್ಮ ಗದ್ದೆ ಯಾವುದು?’ ಅಂದೆ.

ಅಜ್ಜ ನೀರಿನ ಕಡೆ ಕೈ ಬೀಸಿದರು. ನಡುವೆ ಬದು ಕಾಣಲಿಲ್ಲ. ‘ಒಬ್ಬನೇ ಮಾಡೂಕೆ ಬರೂದಿಲ್ಲ. ಕಟ್ಟೆ ಒಂದು ಕಡೆ ಒಡೆದ್ರೆ ಎಲ್ಲರದ್ದೂ ಹೋತು. ಅದಕ್ಕೇ ಎಲ್ಲ ಸೇರಿ ಬಿತ್ತೂದು, ಸೇರಿ ಕಾಯೂದು.’

ಕಾಯುವುದು ಅಂದರೆ ಹಗಲು ಹಕ್ಕಿ, ರಾತ್ರಿ ನೀರು. ಎಡಗಡೆ ನೀಲಿ ಬಣ್ಣದ ದೊಡ್ಡ ಹಕ್ಕಿಗಳು ಪೈರು ಕಿತ್ತು ತಿನ್ನುತ್ತಿದ್ದವು. ಅಜ್ಜ ಕೂತಲ್ಲಿಂದಲೇ ಡಬ್ಬ ಬಡಿದರು. ಹಕ್ಕಿಗಳು ಹತ್ತು ಹೆಜ್ಜೆ ಆಚೆ ಹೋಗಿ ಮತ್ತೆ ಶುರು ಮಾಡಿದವು. ‘ಓಡಿಸೂದಿಲ್ವಾ?’ ಅಂದೆ. ‘ಅವಕ್ಕೂ ಪಾಲು ಉಂಟಲ್ಲ’ ಅಂದರು. ಆದರೂ ಇನ್ನೊಂದು ಸಲ ಡಬ್ಬ ಬಡಿದರು, ಈ ಸಲ ಜೋರಾಗಿ.

ತೊಂಬತ್ತರ ದಶಕದಲ್ಲಿ ಸಿಗಡಿ ಕೃಷಿಯ ಹುಚ್ಚು ಬಂತಂತೆ. ಭತ್ತ ಬಿಟ್ಟು ವರ್ಷಪೂರ್ತಿ ಸಿಗಡಿ ಹಾಕಿದರು. ಬಿಳಿ ಚುಕ್ಕೆ ರೋಗ ಬಂದು ತುಂಬಾ ಜನ ಕೈಸುಟ್ಟುಕೊಂಡರು. ಎಷ್ಟೋ ಗಜನಿ ಮತ್ತೆ ಭತ್ತಕ್ಕೆ ಬರಲೇ ಇಲ್ಲ. ಈ ನದಿಗೆ ಎಲ್ಲೂ ಅಣೆಕಟ್ಟಿಲ್ಲ, 2024ರಲ್ಲಿ ಅಳಿವೆ ಪ್ರದೇಶಕ್ಕೆ ರಾಮ್ಸಾರ್ ಮಾನ್ಯತೆಯೂ, ಅಂದರೆ ಮಹತ್ವದ ಜೌಗು ಪ್ರದೇಶ ಅನ್ನುವ ಅಂತರರಾಷ್ಟ್ರೀಯ ಮಾನ್ಯತೆಯೂ, ಸಿಕ್ಕಿದೆ. ಅದನ್ನು ಹೇಳಿದೆ. ಅಜ್ಜ ಕೇಳಿಸಿಕೊಂಡು, ‘ಹೌದಾ? ಕಟ್ಟೆ ರಿಪೇರಿ ಮಾಡ್ತಾರಾ?’ ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ.

ಅಕ್ಕಿ ಕೊಳ್ಳಲು ಸಿಗುತ್ತಾ ಅಂತ ಕೇಳಿದೆ. ಈಗ ಮನೆಗೇ ಇಲ್ಲವಂತೆ. ಕೆಂಪು ಅಕ್ಕಿ, ಗಂಜಿಗೆ ಹೇಳಿ ಮಾಡಿಸಿದ್ದು, ಬೆಳಿಗ್ಗೆ ಉಂಡರೆ ಮಧ್ಯಾಹ್ನದವರೆಗೆ ಹಸಿವಿಲ್ಲ ಅಂತೆಲ್ಲ ಹೊಗಳಿದ ಮೇಲೆ ಈ ಮಾತು. ‘ಕೊಯ್ಲಾಗಿ ದೀಪಾವಳಿ ಕಳೀಲಿ, ಬಾ. ಎರಡು ಸೇರು ಕೊಡುವ.’

ಮಳೆ ನಿಂತು ಎಷ್ಟೋ ಹೊತ್ತಾಗಿತ್ತು. ಅಘನಾಶಿನಿ ಊರಿಗೆ ಹೋಗುವ ಆಸೆ ಬಿಟ್ಟು ವಾಪಸ್ ಹೊರಟೆ. ಮರುದಿನ ಯಾಣಕ್ಕೂ ಹೋದೆ. ಜಿಗಣೆ ಜಾಸ್ತಿ ಅನ್ನುವುದು ಬಿಟ್ಟು ಹೇಳುವಂಥದ್ದೇನಿಲ್ಲ.

ಹೇಳಲೇಬೇಕಾದ್ದು ಸ್ಕೂಟರಿನ ವಿಷಯ. ಗಾಡಿ ಕೊಡುವಾಗ ‘ಅಕ್ಕಾ ಅಕ್ಕಾ’ ಅಂತ ಕರೆದ ಹುಡುಗ, ವಾಪಸ್ ಕೊಡುವಾಗ ಬಗ್ಗಿ ಬಗ್ಗಿ ನೋಡಿ ಒಂದು ಗೀರು ಹುಡುಕಿದ. ಗೀರಿನೊಳಗೆ ತುಕ್ಕು ಹಿಡಿದಿತ್ತು! ಎರಡು ದಿನದಲ್ಲಿ ತುಕ್ಕು ಬರುತ್ತಾ ಅಂದರೆ ‘ಇದು ಸಮುದ್ರದ ಊರು ಅಕ್ಕಾ’ ಅಂದ. ಅಡ್ವಾನ್ಸಿನಲ್ಲಿ ಎಂಟುನೂರು ಮುರಿದುಕೊಂಡ. ನೀವು ಹೋದರೆ ಗಾಡಿಯ ಸುತ್ತ ವಿಡಿಯೊ ಮಾಡಿ, ಅವನ ಎದುರಿಗೇ. ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಇದೆಯಾ ನೋಡಿ. ಬಾಡಿಗೆಗೆ ಕೊಡುವ ಗಾಡಿಗೆ ಅದು ಇರಬೇಕು. ಬಿಳಿ ಪ್ಲೇಟಾದರೆ ಪೊಲೀಸರು ಹಿಡಿದಾಗ ಮಾತಾಡಬೇಕಾದವರು ನೀವೇ. ಬ್ರೇಕು, ಟಯರು ನೋಡದೆ ಈ ಮಳೆಯಲ್ಲಿ ಹೊರಡಬೇಡಿ. ಒರಿಜಿನಲ್ ಲೈಸೆನ್ಸ್ ಒತ್ತೆ ಕೇಳಿದರೆ ಪಕ್ಕದ ಅಂಗಡಿಗೆ ಹೋಗಿ.

ದೀಪಾವಳಿ ಆದ ಮೇಲೆ ಅಕ್ಕಿಗೆ ಹೋಗುವವಳಿದ್ದೇನೆ. ಕುಮಟಾದಿಂದ ಬಸ್ಸಿಗೆ.