ತಾಳವಾಡಿಯ ಇಬ್ಬನಿಯಲ್ಲಿ ಜಿಂಕೆಯ ಹಾಸಿಗೆ

ಕಳೆದ ಡಿಸೆಂಬರ್ ಕೊನೆಯ ವಾರದಲ್ಲಿ ತಾಳವಾಡಿಯ ಅಕ್ಕನ ಮನೆಯಲ್ಲಿ ನಾಲ್ಕು ದಿನ ಇದ್ದೆ. ಅದರಲ್ಲಿ ಬರೆಯಬೇಕೆನಿಸಿರುವುದು ಎರಡನೆಯ ದಿನದ ನಸುಕಿನಿಂದ ನಡುಮಧ್ಯಾಹ್ನದವರೆಗಿನ ಸಂಗತಿ ಮಾತ್ರ. ಉಳಿದ ಹೊತ್ತು ರಾಗಿ ಮುದ್ದೆ, ಅವರೆಕಾಳಿನ ಸಾರು ಮತ್ತು ಜಗಲಿಯ ಎಳೆಬಿಸಿಲಿನಲ್ಲಿ ಸುಖವಾಗಿ ಕಳೆದುಹೋಯಿತು. ಅದರ ಬಗ್ಗೆ ಅಕ್ಕನ ಕೈಗುಣವನ್ನು ಹೊಗಳುವುದನ್ನು ಬಿಟ್ಟರೆ ಹೇಳಲು ಹೆಚ್ಚೇನಿಲ್ಲ.

ಹೋಗಲು ನೆಪವಾದದ್ದು ಭಾವನ ಹುರುಳಿ ಹೊಲ. ಕಾಯಿ ಬಲಿಯುವ ಹೊತ್ತಿಗೆ ಜಿಂಕೆಗಳು ದಿನವೂ ರಾತ್ರಿ ಬಂದು ಮೇದು ಹೋಗುತ್ತಿವೆಯೆಂದೂ, ಅಟ್ಟಣೆಯ ಮೇಲೆ ಕುಳಿತು ಟಾರ್ಚ್ ಬಿಟ್ಟರೆ ಹತ್ತು ಮಾರು ಆಚೆಗೆ ಸರಿದು ನಿಲ್ಲುತ್ತವೆಯೇ ಹೊರತು ಹೋಗುವುದಿಲ್ಲವೆಂದೂ ಭಾವ ಫೋನಿನಲ್ಲಿ ಅಲವತ್ತುಕೊಂಡಿದ್ದರು. "ನೀವು ರಿಟೈರಾದ ಮೇಲೆ ಬರೀ ಕಾಡು, ಪ್ರಾಣಿ ಅಂತ ಓದ್ತಾ ಕುಂತಿದ್ದೀರಲ್ಲ ಭಾವ, ಬಂದು ಅವು ಹಗಲೊತ್ತು ಎಲ್ಲಿ ಮನಗ್ತವ ಅಂತ ಪತ್ತೆ ಮಾಡ್ಕೊಡಿ" ಎಂದು ಅರ್ಧ ತಮಾಷೆಗೂ ಅರ್ಧ ಸವಾಲಿಗೂ ಎಂಬಂತೆ ಹೇಳಿದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಆ ಮಾತು ಸ್ವಲ್ಪ ನಾಟಿತು.

ತಾಳವಾಡಿ ಎಂದರೆ ಈಗಲೂ ಅನೇಕರಿಗೆ ನೆನಪಾಗುವುದು ದೊಡ್ಡಗಾಜನೂರು, 2000ನೇ ಇಸವಿಯ ಜುಲೈ 30ರ ರಾತ್ರಿ ಮತ್ತು ರಾಜಕುಮಾರ್ ಅವರ ಅಪಹರಣ. ಊರಿನವರಿಗೆ ಆ ಕಥೆ ಕೇಳಿ ಹೇಳಿ ಸಾಕಾಗಿದೆ. 1956ರಲ್ಲಿ ಭಾಷಾವಾರು ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲವು ಮೈಸೂರಿಗೆ ಬಂದಿತು, ಅದೇ ಜಿಲ್ಲೆಯ ತಾಳವಾಡಿ ಮದರಾಸಿನ ಕಡೆಯೇ ಉಳಿಯಿತು. ಇಂದು ಅದು ಈರೋಡು ಜಿಲ್ಲೆಯಲ್ಲಿದೆ. ಬಸ್ಸಿನ ಫಲಕ ತಮಿಳಿನಲ್ಲಿರುತ್ತದೆ, ಬಸ್ಸಿನೊಳಗಿನ ಜಗಳ ಕನ್ನಡದಲ್ಲಿ ನಡೆಯುತ್ತದೆ. ಸುತ್ತಲೂ ಇರುವುದು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಸತ್ಯಮಂಗಲದ ಕಾಡು. ತಮಿಳುನಾಡಿನ ಬಯಲಿಗೆ ಇಳಿಯಬೇಕಾದರೆ ಹಾಸನೂರು ದಾಟಿ ದಿಂಬಂ ಘಾಟಿಯ 27 ತಿರುವುಗಳನ್ನು ಸುತ್ತಬೇಕು, ಅಲ್ಲಿಯೂ 2022ರ ಫೆಬ್ರವರಿಯಿಂದ ಹೈಕೋರ್ಟಿನ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಚಾಮರಾಜನಗರದ ಕಡೆಯಿಂದ ಬರುವ ನಮ್ಮಂಥವರಿಗೆ ಈ ತೊಂದರೆಗಳಿಲ್ಲ.

ಕಾಡಿನೊಳಕ್ಕೆ ನಮ್ಮಷ್ಟಕ್ಕೆ ನಾವು ನುಗ್ಗುವಂತಿಲ್ಲವಾದ್ದರಿಂದ ಭಾವ ಮುಂಚಿತವಾಗಿಯೇ ರೇಂಜ್ ಕಚೇರಿಯಲ್ಲಿ ಹೇಳಿ, ಆನೆ ಕಂದಕದ ಅಂಚಿನಲ್ಲಿ ಅರ್ಧ ದಿನ ನಡೆಯಲು ಒಪ್ಪಿಗೆ ಪಡೆದಿದ್ದರು. ಜೊತೆಗೆ ಬಂದವರು ಬಹಳ ವರ್ಷ ವಾಚರ್ ಆಗಿದ್ದ ಸೋಲಿಗರ ಒಬ್ಬ ಹಿರಿಯರು. ಊರಿನವರೆಲ್ಲರೂ ಅವರನ್ನು ತಾತ ಎನ್ನುತ್ತಾರೆ, ನಾನೂ ಹಾಗೆಯೇ ಕರೆದೆ. ಅವರು ನನ್ನನ್ನು ಕೊನೆಯವರೆಗೂ ಮೇಷ್ಟ್ರೇ ಎಂದೇ ಕರೆದರು.

ಬೆಳಗಿನ ಆರು ಗಂಟೆಗೆ ಬಾಯಿ ತೆರೆದರೆ ಹೊಗೆ ಬರುವಷ್ಟು ಮಾಗಿ ಚಳಿ. ನಾನು ಕಂಬಳಿ ಹೊದ್ದು, ಕೈಗೊಂದು ಕೋಲು ಹಿಡಿದು, ನೇರ ಕಾಡಿನ ಕಡೆಗೆ ಹೆಜ್ಜೆ ಹಾಕಿದೆ. ತಾತ ಮಾತ್ರ ಮನೆಯ ಹಿಂದಿನ ಬೀಳು ಹೊಲದ ಬದುವಿನ ಮೇಲೆ ನಿಂತುಬಿಟ್ಟರು. ಆ ಹೊಲಕ್ಕೆ ಎರಡು ವರ್ಷದಿಂದ ಉಳುಮೆಯಿಲ್ಲ, ಮೊಣಕಾಲೆತ್ತರದ ಹುಲ್ಲು ಅಲ್ಲಲ್ಲಿ, ಉಳಿದಂತೆ ದನ ಮೇದು ಬೋಳಾದ ನೆಲ. ಮನೆಯಿಂದ ಇನ್ನೂರು ಹೆಜ್ಜೆಯೂ ಆಗಲಾರದು.

"ಅತ್ತಗೆ ಯಾಕ್ ಹೋದರಿ ಮೇಷ್ಟ್ರೇ, ಇಲ್ ನೋಡಿ" ಎಂದರು.

ನೋಡಿದೆ, ಏನೂ ಕಾಣಲಿಲ್ಲ. ಅವರು ನನ್ನ ಭುಜ ಹಿಡಿದು ಸೂರ್ಯ ಮೂಡುವ ದಿಕ್ಕಿಗೆ ಎದುರಾಗಿ ಕುಕ್ಕರುಗಾಲಿನಲ್ಲಿ ಕೂರಿಸಿದರು. ಆಗ ಹೊಲದ ತುಂಬ ಇಬ್ಬನಿ ಬೆಳ್ಳಗೆ ಹಾಸಿಕೊಂಡಿರುವುದೂ, ಆ ಬಿಳುಪಿನ ನಡುವೆ ಮೊಟ್ಟೆಯಾಕಾರದ ಕಪ್ಪು ಕಪ್ಪು ಮಚ್ಚೆಗಳು ಚದುರಿರುವುದೂ ಒಮ್ಮೆಲೇ ಕಣ್ಣಿಗೆ ಬಿದ್ದವು. ಹತ್ತಿರ ಹೋಗಿ ಅಂಗೈಯಿಟ್ಟೆ: ಸುತ್ತಲಿನ ಹುಲ್ಲು ತೊಯ್ದು ತೊಟ್ಟಿಕ್ಕುತ್ತಿದ್ದರೆ, ಮಚ್ಚೆಯೊಳಗಿನ ಹುಲ್ಲು ನೆಲಕ್ಕೆ ಒತ್ತಿಕೊಂಡು ಒಣಗಿತ್ತು. ಇಬ್ಬನಿ ಬೀಳುವ ಹೊತ್ತಿನಲ್ಲೆಲ್ಲ ಅಲ್ಲಿ ಒಂದೊಂದು ಮೈ ಮಲಗಿತ್ತು, ಬೆಳಕು ಹರಿಯುವ ಸ್ವಲ್ಪ ಮುಂಚೆ ಎದ್ದು ಹೋಗಿತ್ತು. ಹದಿನೇಳು ಎಣಿಸಿದೆ. ಭಾವನ ದನಗಳೂ ಆಡುಗಳೂ ರಾತ್ರಿಯೆಲ್ಲ ಕೊಟ್ಟಿಗೆಯಲ್ಲಿದ್ದವಾದ್ದರಿಂದ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಕಾಡಿನ ಆಳದಲ್ಲಿ ಹುಡುಕಬೇಕೆಂದು ನಾನು ಬಸ್ಸು ಹತ್ತಿ ಬಂದ ಜಿಂಕೆಗಳು, ನಾನು ಮಲಗಿದ್ದ ಕೋಣೆಯ ಕಿಟಕಿಯಿಂದ ಕಲ್ಲೆಸೆತದ ದೂರದಲ್ಲಿ ರಾತ್ರಿ ಕಳೆದಿದ್ದವು.

ಯಾಕೆ ಹೀಗೆ ಎಂಬುದನ್ನು ತಾತ ತಡಮಾಡದೆ ಹೇಳಿದರು. ಹೊಲದ ಅಂಚಿಗೆ ಲಂಟಾನ ಪೊದೆ ಆಳೆತ್ತರಕ್ಕೆ ಬೆಳೆದು ನಿಂತಿದೆ, ಅದರೊಳಗೆ ಚಿರತೆ ಕುಳಿತರೆ ಬಾಲದ ತುದಿಯೂ ಕಾಣದು. ಬಯಲಿನ ನಡುವೆ ಮಲಗಿದರೆ ನಾಲ್ಕು ದಿಕ್ಕಿನಿಂದಲೂ ಬರುವುದು ಗೊತ್ತಾಗುತ್ತದೆ, ಊರಿನ ನಾಯಿ ಬೊಗಳುವುದೂ ಒಂದು ಕಾವಲೇ. ಮಚ್ಚೆಗಳೆಲ್ಲವೂ ಪೊದೆಯಿಂದ ದೂರ, ಹೊಲದ ನಡುವಿನ ತುಸು ಉಬ್ಬಿದ ಜಾಗದಲ್ಲಿಯೇ ಇದ್ದವು. ಆಮೇಲೆ ಅವರು ಒಂದು ಮಚ್ಚೆಯ ತುದಿಯಲ್ಲಿ ಅಕ್ಕಪಕ್ಕದ ಎರಡು ಸಣ್ಣ ಗುಳಿಗಳನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. ಜಿಂಕೆಯೂ ಹಸುವಿನಂತೆಯೇ ಹಿಂಗಾಲನ್ನು ಮೊದಲು ಎತ್ತಿ ಏಳುತ್ತದೆ, ಆಗ ಮೈಭಾರವೆಲ್ಲ ಮುಂಗಾಲಿನ ಮಂಡಿಗಳ ಮೇಲೆ ಬಿದ್ದು ನೆಲದಲ್ಲಿ ಗುಳಿ ಬೀಳುತ್ತದೆ; ಗುಳಿ ಇದ್ದ ಕಡೆಗೆ ಮುಖವಿತ್ತು ಎಂದು ತಿಳಿಯಬೇಕು. ಹೀಗೆ ಒಂದೊಂದನ್ನೂ ನೋಡುತ್ತ ಹೋದಂತೆ, ಅಂಚಿನಲ್ಲಿ ಮಲಗಿದ್ದವು ಹೊರಗೆ ಮುಖ ಮಾಡಿದ್ದುದು ತಿಳಿಯಿತು. ಒಂದು ದೊಡ್ಡ ಮಚ್ಚೆಗೆ ಒತ್ತಿಕೊಂಡಂತೆ ಮೊರದಷ್ಟೇ ಅಗಲದ ಪುಟ್ಟದೊಂದು ಇತ್ತು. ಅದು ಯಾರದೆಂದು ತಾತ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಅರ್ಧ ಗಂಟೆಯಲ್ಲಿ ಬಿಸಿಲು ಬಿದ್ದು ಇಬ್ಬನಿ ಆರಿತು, ಮಚ್ಚೆಗಳೂ ಇಲ್ಲವಾದವು. ಇಂಥದನ್ನು ನೋಡಬೇಕೆನ್ನುವವರು ಕಾಫಿ ಕುಡಿದು ಹೊರಡೋಣ ಎಂದುಕೊಳ್ಳಬಾರದು, ಅಷ್ಟೇ.

ಅಲ್ಲಿಂದ ಕಂದಕದ ಪಕ್ಕದ ದಾರಿ. ಧೂಳಿನಲ್ಲಿ ಗೊರಸಿನ ಗುರುತು ಧಾರಾಳವಾಗಿತ್ತು: ನನ್ನ ಎರಡು ಬೆರಳಿನ ಅಗಲದಷ್ಟಿದ್ದದ್ದು ಜಿಂಕೆ, ಅದರ ಒಂದೂವರೆಯಷ್ಟು ದೊಡ್ಡದು ಕಡವೆ. ಹಿಕ್ಕೆಗಳೂ ಅಷ್ಟೇ. ಮಳೆಗಾಲದಲ್ಲಿ ಎಳೆಹುಲ್ಲು ಮೇದಾಗ ಒಂದಕ್ಕೊಂದು ಅಂಟಿ ಉಂಡೆಯಾಗುವ ಹಿಕ್ಕೆ ಮಾಗಿಯಲ್ಲಿ ಒಣಮೇವಿನಿಂದ ಬಿಡಿಬಿಡಿಯಾಗಿ ಬೀಳುತ್ತದೆ, ಒಂದು ತುದಿ ಸ್ವಲ್ಪ ಚೂಪು. ತಾತ ಒಂದನ್ನು ಕಡ್ಡಿಯಿಂದ ಒತ್ತಿ ಒಡೆದು, ಒಳಗಿನ ಹಸಿರನ್ನು ತೋರಿಸಿ "ಇವತ್ತಿಂದೇ" ಎಂದರು. ಇನ್ನೊಂದೆಡೆ ಎಳೆಯ ದಿಂಡಿಗದ ಮರದ ತೊಗಟೆಯನ್ನು ಎದೆಯೆತ್ತರದಲ್ಲಿ ಯಾರೋ ಕೆತ್ತಿದಂತೆ ಸುಲಿದಿತ್ತು. ಗಂಡು ಕಡವೆಗಳು ಕೊಂಬು ಬಲಿತು ಮದವೇರುವ ಕಾಲವಿದು, ಕೊಂಬನ್ನು ಮರಕ್ಕೆ ಉಜ್ಜಿ, ಕೆಸರಿನಲ್ಲಿ ಹೊರಳಿ ತಿರುಗುತ್ತವೆ. ಬೇಸಿಗೆಯ ಹೊತ್ತಿಗೆ ಆ ಕೊಂಬು ಉದುರುತ್ತದೆ. ಉದುರಿದ ಕೊಂಬನ್ನು ಮನೆಗೆ ತರುವುದೂ ಅಪರಾಧವೆಂಬುದು ಗೋಡೆಗೆ ಕೊಂಬು ನೇತುಹಾಕುವ ಚಪಲವುಳ್ಳ ನಮ್ಮ ಕಡೆಯ ಅನೇಕರಿಗೆ ಇನ್ನೂ ತಿಳಿದಂತಿಲ್ಲ.

ಹತ್ತು ಗಂಟೆಯ ಸುಮಾರಿಗೆ ಕಂದಕದಾಚೆಯ ಒಂದು ದಿಣ್ಣೆ ಹತ್ತಿದೆವು. ಎಲೆಯುದುರಿದ ಮರಗಳ ನಡುವೆ ನೆರಳುಳಿಸಿಕೊಂಡಿದ್ದ ಒಂದು ಆಲದ ಬುಡದಲ್ಲಿ ತರಗು ಒತ್ತಿ ಹಾಸಿಗೆಯಂತಾಗಿದ್ದ ಐದಾರು ಜಾಗಗಳಿದ್ದವು. ಭಾವ ಕೇಳಿದ್ದ ಹಗಲಿನ ಮಲಗುತಾಣ ಇದೇ. ನಾನು ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದಾಗ ತಾತ ಒಂದು ಹಾಸಿಗೆಯ ಅಂಚಿನಿಂದ ಏನನ್ನೋ ಹೆಕ್ಕಿ ನನ್ನ ಅಂಗೈಗೆ ಸುರಿದರು. ಏಳೆಂಟು ಬೀಜಗಳು. ಬಟಾಣಿಗಿಂತ ತುಸು ದಪ್ಪ, ಗಟ್ಟಿ, ಮೈಮೇಲೆ ಏಣು, ತೊಳೆದಿಟ್ಟಷ್ಟು ಸ್ವಚ್ಛ.

"ನೆಲ್ಲಿ" ಎಂದೆ.

"ನೆಲ್ಲಿ ಸರಿ, ಮರ ಎಲ್ಲದ?"

ಸುತ್ತ ನೋಡಿದೆ. ಕಣ್ಣಳತೆಯಲ್ಲಿ ಒಂದು ನೆಲ್ಲಿ ಮರವೂ ಇರಲಿಲ್ಲ. ಕೋತಿ ತಂದು ತಿಂದಿರಬೇಕು ಎಂದೆ. ತಾತ ನಕ್ಕರು. "ಕೋತಿ ತಿಂದ್ರ ಕಚ್ಚಿ ಎಸೀತದ, ಸಿಪ್ಪ ಉಳೀತದ. ಇದ್ರಲ್ಲಿ ಸಿಪ್ಪ ಅದ್ಯಾ?"

ಇರಲಿಲ್ಲ. ಹಾಗಾದರೆ ಹಿಕ್ಕೆಯಲ್ಲಿ ಬಂದಿರಬೇಕು ಎಂದೆ. ಹಿಕ್ಕೆಯ ಗಾತ್ರವನ್ನೂ ಬೀಜದ ಗಾತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ಅವರು ಸುಮ್ಮನೆ ನನ್ನ ಮುಖ ನೋಡಿದರು. ತರಗತಿಯಲ್ಲಿ ತಪ್ಪುತ್ತರ ಕೊಟ್ಟ ಹುಡುಗನನ್ನು ನಾನು ನೋಡುತ್ತಿದ್ದುದು ಹಾಗೆಯೇ.

"ಮಾಗೀಲಿ ನೆಲ್ಲಿಕಾಯಿ ಉದುರ್ತದಲ್ಲಾ ಮೇಷ್ಟ್ರೇ, ಜಿಂಕೆ ಅದ್ನ ಅಗಿಯಕ್ಕೆ ನಿಲ್ಲಲ್ಲ, ಗಬಗಬ ನುಂಗ್ತದ. ಮರದಡೀಲಿ ನಿಂತ್ಕಂಡು ಅಗೀತಾ ಇದ್ರ ಹುಲಿ ಬುಡ್ತದಾ? ಹೊಟ್ಟ ತುಂಬ್ಕಂಡು ಇಲ್ ಬಂದು ಮನಗ್ತದ. ಆಮ್ಯಾಕ ಮೆಲುಕು ಹಾಕ್ತದ. ಮೆಲುಕು ಹಾಕುವಾಗ ಕಾಯಿ ಬಾಯಿಗ್ ಬತ್ತದ, ತಿರುಳ ಇಟ್ಕತದ, ಬೀಜ ಉಗೀತದ."

ಇದನ್ನು ನಾನು ಎಲ್ಲಿಯೂ ಕೇಳಿರಲಿಲ್ಲ. ಎಷ್ಟು ಹೊತ್ತಿಗೆ ಉಗಿಯುತ್ತದೆ ಎಂದು ಕೇಳಿದೆ. ನೆರಳು ಈ ಬೇರಿನಿಂದ ಆ ಬೇರಿಗೆ ಬರುವಷ್ಟು ಹೊತ್ತಿಗೆ ಎಂದರು. ಕಡವೆಯೂ ಉಗಿಯುತ್ತದೆಯೇ? ಅದೂ ತಿನ್ನುತ್ತದೆ, ಕಾಡುಕುರಿಯೂ ತಿನ್ನುತ್ತದೆ. ಹಾಗಾದರೆ ಈ ದಿಣ್ಣೆಯಲ್ಲಿ ನೆಲ್ಲಿ ಸಸಿ ಇರಬೇಕಲ್ಲ? ಅವರು ಎದ್ದು ಹೋಗಿ ಇಪ್ಪತ್ತು ಹೆಜ್ಜೆ ಆಚೆ, ಲಂಟಾನದ ನಡುವೆ ಮೊಣಕಾಲೆತ್ತರಕ್ಕೆ ಬಂದಿದ್ದ ಒಂದನ್ನು ತೋರಿಸಿದರು. ಅದರ ತುದಿ ಮೇದುಹೋಗಿತ್ತು. "ಬಿತ್ತೂದೂ ಅದೇ, ತಿನ್ನೂದೂ ಅದೇ" ಎಂದು ಬೀಡಿ ಹಚ್ಚಲು ಕಡ್ಡಿ ಗೀರಿ, ಒಣ ತರಗಿನ ನೆನಪಾಗಿ ಆರಿಸಿ, ಕಡ್ಡಿಯನ್ನು ಜೇಬಿಗೆ ಹಾಕಿಕೊಂಡರು. ನೆಲ್ಲಿಕಾಯಿ ಆಯುವುದು ಸೋಲಿಗರಿಗೆ ತಲೆಮಾರುಗಳ ಕಸುಬು. ಮರದಡಿಯಲ್ಲಿ ಕಾಯಿಗೆ ಕಾಯುತ್ತಿದ್ದ ಹುಡುಗನಾಗಿದ್ದಾಗಲೇ ತಮ್ಮ ಅಪ್ಪ ಇದನ್ನು ತೋರಿಸಿದರಂತೆ. ಊರಿಗೆ ಬಂದ ಮೇಲೆ ಹುಡುಕಿ ಓದಿದಾಗ, ಉತ್ತರದ ರಾಜಾಜಿ ಕಾಡಿನಲ್ಲಿ ಸಂಶೋಧಕರು ಜಿಂಕೆಗಳನ್ನು ಗಮನಿಸಿ ಇದನ್ನೇ ಬರೆದಿರುವುದು ತಿಳಿಯಿತು.

ಬೀಜಗಳಲ್ಲಿ ಎರಡನ್ನು ಜೇಬಿಗೆ ಹಾಕಿಕೊಳ್ಳುವಷ್ಟರಲ್ಲಿ ತಾತ ಕೈಚಾಚಿದರು. ಮರುಮಾತಾಡದೆ ಕೊಟ್ಟೆ. ತೆಗೆದ ಜಾಗದಲ್ಲಿಯೇ ಚೆಲ್ಲಿದರು.

ನಾನು ಮಾಡಿದ ತಪ್ಪು ಇದಾದ ಮೇಲಿನದು. ಜಿಂಕೆಯ ಕಣ್ಣಿಗೆ ಇಲ್ಲಿಂದ ಏನು ಕಾಣುತ್ತದೆಂದು ತಿಳಿಯುವ ಹುಮ್ಮಸ್ಸಿನಲ್ಲಿ ತಾತ ನೀರು ಕುಡಿಯುತ್ತಿದ್ದಾಗ ಆ ತರಗಿನ ಹಾಸಿಗೆಯಲ್ಲಿ ಮೈ ಚಾಚಿ ಮಲಗಿಬಿಟ್ಟೆ. ಕಂಡದ್ದೇನೋ ಚೆನ್ನಾಗಿತ್ತು: ಕೆಳಗಿನ ಹಳ್ಳ, ಕಂದಕದ ದಾರಿ, ಭಾವನ ಮನೆಯ ಹೆಂಚು, ಹುರುಳಿ ಹೊಲ, ಎಲ್ಲವೂ. ಆದರೆ ಸಂಜೆಯ ಹೊತ್ತಿಗೆ ಸೊಂಟದ ಸುತ್ತ, ಮಂಡಿಯ ಹಿಂದೆ, ಕಂಕುಳಲ್ಲಿ ಸಾಸಿವೆಗಿಂತ ಸಣ್ಣ ಉಣ್ಣೆಮರಿಗಳು ಕಚ್ಚಿಕೊಂಡಿದ್ದವು. ಅಕ್ಕ ಚಿಮಟದಲ್ಲಿ ಕೀಳುತ್ತ ಮೂವತ್ತೆರಡರವರೆಗೆ ಎಣಿಸಿ ಬಿಟ್ಟಳು. ಹನ್ನೆರಡು ದಿನ ಕೆರೆದಿದ್ದೇನೆ, ಇದನ್ನು ಬರೆಯುವಾಗಲೂ ಎಡಮಂಡಿ ತುರಿಸುತ್ತಿದೆ. ಮಾಗಿಯಿಂದ ಬೇಸಿಗೆಯವರೆಗೆ ಇವುಗಳ ಕಾಲ. ಮಂಗನ ಕಾಯಿಲೆ ಹರಡುವುದೂ ಉಣ್ಣೆಯಿಂದಲೇ, 2012ರಲ್ಲಿ ಅದು ಬಂಡೀಪುರದಲ್ಲಿಯೂ ಕಾಣಿಸಿಕೊಂಡಿದ್ದುದರಿಂದ ಎರಡು ವಾರ ಜ್ವರ ಬಂದೀತೆಂದು ದಿನವೂ ಹಣೆ ಮುಟ್ಟಿ ನೋಡಿಕೊಂಡೆ. ಹೋಗುವವರು ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿಕೊಳ್ಳಲಿ, ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಲಿ, ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಲಿ. ಮುಖ್ಯವಾಗಿ, ಜಿಂಕೆಯ ಹಾಸಿಗೆಯನ್ನು ಜಿಂಕೆಗೇ ಬಿಡಲಿ.

ಮೂರನೆಯ ದಿನ ಭಾವನ ಪರಿಚಯದವರೊಬ್ಬರ ಒತ್ತಾಯಕ್ಕೆ ಹಾಸನೂರು ಕಡೆಯ ಒಂದು ರೆಸಾರ್ಟಿಗೆ ಹೋಗಿ ಚಹಾ ಕುಡಿದೆವು. ಅಲ್ಲಿ ಹುಲ್ಲುಹಾಸಿನ ಮೇಲೆ ಉಪ್ಪು ಸುರಿದು ಜಿಂಕೆಗಳನ್ನು ಕರೆಸಿಕೊಳ್ಳುತ್ತಾರೆ, ಅತಿಥಿಗಳು ಕುರ್ಚಿ ಬಿಟ್ಟೇಳದೆ ಫೋಟೋ ತೆಗೆಯುತ್ತಾರೆ. ಹತ್ತಾರು ಜಿಂಕೆಗಳನ್ನು ಮೊದಲ ಬಾರಿಗೆ ಹಗಲಿನಲ್ಲಿ ಕಣ್ತುಂಬ ಕಂಡೆ, ನೋಡಬೇಕೆನಿಸಲಿಲ್ಲ. ಚಹಾ ಕೂಡ ಸಪ್ಪೆ.

ಹೊರಡುವ ದಿನ ನಸುಕಿನಲ್ಲಿ ಭಾವ ತಾವೇ ನನ್ನನ್ನು ಎಬ್ಬಿಸಿ ಬೀಳು ಹೊಲದ ಬದುವಿಗೆ ಕರೆದೊಯ್ದರು, ನನ್ನಂತೆಯೇ ಕುಕ್ಕರುಗಾಲಿನಲ್ಲಿ ಕುಳಿತು ಎಣಿಸಿದರು. ಹತ್ತೊಂಬತ್ತು. "ಎರಡು ಜಾಸ್ತಿ ಆಗವ" ಎಂದರು. ಆಮೇಲೆ, ಒಂದಕ್ಕೆ ರಾತ್ರಿಗೆ ಎಷ್ಟು ಸೇರು ಹುರುಳಿಯೆಂದು ಹಿಡಿಯಬೇಕು, ಅದನ್ನು ಹತ್ತೊಂಬತ್ತಕ್ಕೆ ಗುಣಿಸಿದರೆ ಎಷ್ಟು, ಕುಯ್ಲಿಗೆ ಇನ್ನು ಎಷ್ಟು ದಿನ, ಪುಟ್ಟದನ್ನು ಅರ್ಧಕ್ಕೆ ಹಿಡಿಯುವುದೋ ಪೂರ್ತಿಗೋ ಎಂದು ಲೆಕ್ಕ ಶುರುಮಾಡಿದರು. ಚಾಮರಾಜನಗರದ ಬಸ್ಸು ಬಂದು ನಿಂತಾಗಲೂ ಆ ಲೆಕ್ಕ ಮುಗಿದಿರಲಿಲ್ಲ. ಕಿಟಕಿಯೊಳಗೆ ತಲೆ ಹಾಕಿ, "ಭಾವ, ಪುಟ್ಟದನ್ನ ಬುಟ್ಬುಡಣ" ಎಂದರು.