ಬಂದವರು ಎಲ್ಲಿವರೆಗೆ ಬರ್ತಾರೆ?

"ಬರ್ಲಿ ಮಾರಾಯ್ತಿ, ನಾನು ಬೇಡ ಅನ್ನಲ್ಲ. ಆದ್ರೆ ಬಂದವರು ಎಲ್ಲಿವರೆಗೆ ಬರ್ತಾರೆ?"

ಭಾನುವಾರ ಕೊಡಗಿನ ಮಾದಾಪುರದ ಮನೆಯಲ್ಲಿ ಮಾವ ಕೇಳಿದ್ದು ಇಷ್ಟೇ. ವಾರ ಮುಗಿಯುತ್ತಾ ಬಂದರೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅವರ ಹಳೇ ಡೆಸ್ಕ್‌ಟಾಪ್‌ಗೆ ನಾನು ಮೊದಲೇ ಲಿನಕ್ಸ್ ಹಾಕಿಕೊಟ್ಟಿದ್ದೆ. ಕಾಫಿ ಲೆಕ್ಕ, ಕೆಲಸದವರ ಸಂಬಳ, ಹೋಮ್‌ಸ್ಟೇ ಬುಕಿಂಗ್, ಮೊಮ್ಮಕ್ಕಳ ಫೋಟೋ ಎಲ್ಲ ಅದರಲ್ಲೇ ಇದೆ. ದಿನದ ಬಹುಪಾಲು ಅದು ಸುಮ್ನೆ ಕೂತಿರುತ್ತದೆ. ಆ ಬಿಡುವಿನ ಹೊತ್ತನ್ನು ಐನ್‌ಸ್ಟೈನ್ ಅಟ್ ಹೋಮ್‌ಗೆ ಕೊಡೋಣ್ವಾ ಅಂತ ಕೇಳಿದ್ದೆ. ಜಗತ್ತಿನ ಯಾವ ಮೂಲೆಯಲ್ಲಿರುವವರೂ ತಮ್ಮ ಕಂಪ್ಯೂಟರಿನ ಬಿಡುವನ್ನು ವಿಜ್ಞಾನಕ್ಕೆ ಕೊಡಬಹುದಾದ ಯೋಜನೆ ಅದು. 2005ರಿಂದ ನಡೀತಿದೆ. ಲೈಗೋ ಉಪಕರಣಗಳು ದಾಖಲಿಸಿದ್ದರಲ್ಲಿ ಗುರುತ್ವ ಅಲೆಗಳನ್ನೂ (ಆಕಾಶ-ಕಾಲದಲ್ಲೇ ಏಳುವ ಅತಿ ಸಣ್ಣ ಕಂಪನ), ದೂರದರ್ಶಕಗಳ ದತ್ತಾಂಶದಲ್ಲಿ ಪಲ್ಸಾರ್‌ಗಳನ್ನೂ (ಗಿರಗಿರನೆ ತಿರುಗುವ ನ್ಯೂಟ್ರಾನ್ ನಕ್ಷತ್ರ) ಹುಡುಕುತ್ತದೆ. ದೊಡ್ಡ ಲೆಕ್ಕವನ್ನು ಚೂರು ಮಾಡಿ ಮನೆಮನೆಗೆ ಕಳಿಸುವ ಕೆಲಸ ಬೋಯಿಂಕ್ ಅನ್ನುವ ತಂತ್ರಾಂಶದ್ದು. ಅದನ್ನು ಕಟ್ಟಿದವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು.

ಬೆಂಗಳೂರಿನಲ್ಲಿರುವ ಮಾವನ ಮಗ ಫೋನಿನಲ್ಲೇ ತೀರ್ಪು ಕೊಟ್ಟ: "ಕರೆಂಟ್ ದಂಡ." ಅವನು ಒಳ್ಳೆಯ ಹುಡುಗ, ಅಪ್ಪ ಅಮ್ಮನ್ನ ಚೆನ್ನಾಗಿ ನೋಡ್ಕೊಳ್ತಾನೆ. ಆದರೆ ಯಾವುದಕ್ಕೂ ಮೊದಲು ಬೆಲೆ ಕೇಳ್ತಾನೆ, ಆಮೇಲೆ ಅದೇನು ಅಂತ ಕೇಳ್ತಾನೆ. ನೂರು ವಾಟ್ ಹತ್ತು ಗಂಟೆ ಎಳೆದರೆ ಒಂದು ಯೂನಿಟ್. ಅವನ ಮಾತಿನಲ್ಲಿ ಸುಳ್ಳಿಲ್ಲ. ಅದಕ್ಕೇ ಪ್ರೊಸೆಸರಿನ ಅರ್ಧದಷ್ಟು ಕೋರ್ ಮಾತ್ರ ಕೊಟ್ಟೆ.

ಮಾವನಿಗೆ ಕರೆಂಟಿನ ಚಿಂತೆ ಇರಲಿಲ್ಲ. ಅವರು ಕೇಳಿದ್ದು ಬಾಗಿಲಿನ ವಿಚಾರ. ಯಾರೋ ಎಲ್ಲೋ ಬರೆದ ಪ್ರೋಗ್ರಾಂ ನಮ್ಮನೆ ಕಂಪ್ಯೂಟರಿನಲ್ಲಿ ಓಡುತ್ತದೆ. ಅದು ಎಲ್ಲಿವರೆಗೆ ಬರುತ್ತದೆ? ನಾನು ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವವಳು. ನನ್ನ ಜೊತೆಯವರಲ್ಲಿ ಯಾರೂ ಇದನ್ನು ಇಷ್ಟು ನೇರವಾಗಿ ಕೇಳಿದ್ದು ನೆನಪಿಲ್ಲ.

ಬಾಯಲ್ಲಿ ಹೇಳುವುದಕ್ಕಿಂತ ತೋರಿಸೋಣ ಅಂತ ಬೋಯಿಂಕನ್ನು ಡಾಕರ್ ಕಂಟೈನರ್ ಒಳಗೆ ಕೂರಿಸಿದೆ. ಪ್ರೋಗ್ರಾಮನ್ನು ಉಳಿದದ್ದರಿಂದ ಬೇರೆ ಇಟ್ಟು ಓಡಿಸುವ ಡಬ್ಬಿ ಕಂಟೈನರ್, ಅದನ್ನು ನಡೆಸುವ ತಂತ್ರಾಂಶ ಡಾಕರ್. ಬೋಯಿಂಕಿಗೆ ಸಿದ್ಧ ಇಮೇಜ್, ಅಂದರೆ ಮೊದಲೇ ಕಟ್ಟಿಟ್ಟ ಗಂಟು, ಸಿಗುತ್ತದೆ. ಒಂದೇ ಒಂದು ಉದ್ದನೆಯ ಆದೇಶ ಕೊಟ್ಟರೆ ಸಾಕು, ಬೇಕಾದ ಲೈಬ್ರರಿಗಳೆಲ್ಲ ಜೊತೆಗೇ ಬರುತ್ತವೆ, ಮಾವನ ಲಿನಕ್ಸಿನಲ್ಲಿ ಬೇರೇನೂ ಕದಲುವುದಿಲ್ಲ. ಆ ಆದೇಶದಲ್ಲೇ ಎಷ್ಟು ಸಿಪಿಯು, ಎಷ್ಟು ಮೆಮೊರಿ, ಹೊರಗಿನ ಯಾವ ಫೋಲ್ಡರ್ ಅಂತ ಬರೆದಿರುತ್ತೇವೆ. ನಾನು ಕೊಟ್ಟಿದ್ದು ಒಂದೇ ಫೋಲ್ಡರ್, ಅದೂ ಖಾಲಿ.

ಆಮೇಲೆ ಕಂಟೈನರ್ ಒಳಗಡೆಗೇ ಒಂದು ಟರ್ಮಿನಲ್ ತೆರೆದು ಅಲ್ಲಿರುವ ಫೋಲ್ಡರುಗಳ ಪಟ್ಟಿ ತೋರಿಸಿದೆ. ಮಾವ ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿದರು.

"ನನ್ನ ಕಾಫಿ ಲೆಕ್ಕ ಎಲ್ಲಿ?"

"ಇಲ್ಲಿಂದ ಕಾಣಲ್ಲ ಮಾವ."

"ಹುಡುಕಿದ್ರೆ?"

ಹುಡುಕಿದೆ. ಹೆಸರು ಕೊಟ್ಟೇ ಹುಡುಕಿದೆ. ಅಂಥ ಫೈಲ್ ಇಲ್ಲ ಅಂತ ಬಂತು. ಮಾವ ಕುರ್ಚಿಗೆ ಒರಗಿದರು. "ಹಂಗಾದ್ರೆ ಇದು ನಮ್ಮ ಹೊರಗಿನ ರೂಮು" ಅಂದರು. ಅವರ ಹೋಮ್‌ಸ್ಟೇ ರೂಮಿಗೆ ಬೇರೆ ಬಾಗಿಲು, ಬೇರೆ ಬಚ್ಚಲು. ಬಂದವರು ಒಳಮನೆಗೆ ಕಾಲಿಡುವುದಿಲ್ಲ.

ಹೌದು ಅಂದು ಸುಮ್ಮನಾಗಬಹುದಿತ್ತು. ಆದರೆ ಪೂರ್ತಿ ಹೇಳದೆ ಇರುವುದು ಸರಿ ಅನಿಸಲಿಲ್ಲ. "ರೂಮು ಬೇರೆ ಮಾವ, ಬಾವಿ ಒಂದೇ" ಅಂದೆ. ಕಂಟೈನರಿಗೆ ತನ್ನದೇ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಇರುವುದಿಲ್ಲ, ಮನೆಯ ಕಂಪ್ಯೂಟರಿನ ಕರ್ನಲ್ಲನ್ನೇ ಬಳಸುತ್ತದೆ. ಕರ್ನಲ್‌ನಲ್ಲೇ ದೋಷ ಇದ್ದರೆ ಗೋಡೆ ದಾಟುವ ದಾರಿ ಸಿಗಬಹುದು. ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್, ಆದರೆ ಬಾವಿಯೂ ಬೇರೆ, ಗೋಡೆ ಇನ್ನೂ ಗಟ್ಟಿ. ಆದರೆ ಅದು ಭಾರ. ಯುರೋಪಿನ ಕಣವಿಜ್ಞಾನ ಸಂಸ್ಥೆ ಸೆರ್ನ್‌ನವರ ಎಲ್‌ಎಚ್‌ಸಿ ಅಟ್ ಹೋಮ್‌ನ ಕೆಲವು ಕೆಲಸಗಳಿಗೆ ವರ್ಚುವಲ್ ಮಷೀನ್ ನಡೆಸುವ ವರ್ಚುವಲ್‌ಬಾಕ್ಸ್ ಬೇಕು. ಇಡೀ ಆಪರೇಟಿಂಗ್ ಸಿಸ್ಟಮ್ಮನ್ನೇ ಇಳಿಸಿಕೊಳ್ಳಬೇಕು. ಈ ಹಳೇ ಪೆಟ್ಟಿಗೆಗೆ, ಬೆಟ್ಟದ ಇಂಟರ್ನೆಟ್ಟಿಗೆ ಅದು ಆಗದ ಮಾತು.

"ಅಂದ್ರೆ ಯಾರು ಬರ್ತಾರೆ ಅಂತ ನೋಡಿಯೇ ರೂಮು ಕೊಡ್ಬೇಕು" ಅಂದರು ಮಾವ. ಕಂಟೈನರ್ ಸುರಕ್ಷತೆ ಬಗ್ಗೆ ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ.

ಹಾಗಾಗಿ ಬರುವವರು ಯಾರು ಅಂತಲೂ ಹೇಳಿದೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ, ಅಮೆರಿಕದ ವಿಸ್ಕಾನ್ಸಿನ್-ಮಿಲ್ವಾಕಿ ವಿಶ್ವವಿದ್ಯಾಲಯ. 2010ರಲ್ಲಿ ಈ ಯೋಜನೆ ಅರೆಸಿಬೋ ದೂರದರ್ಶಕದ ದತ್ತಾಂಶದಲ್ಲಿ ಒಂದು ಪಲ್ಸಾರ್ ಕಂಡುಹಿಡಿಯಿತು. ಅದನ್ನು ಹಿಡಿದದ್ದು ಅಮೆರಿಕದ ಅಯೋವಾದ ಒಂದು ದಂಪತಿಯ ಕಂಪ್ಯೂಟರ್ ಮತ್ತು ಜರ್ಮನಿಯ ಮೈಂಜ್‌ನ ಒಬ್ಬರ ಕಂಪ್ಯೂಟರ್. ಒಂದು ಯಂತ್ರ ಕೊಟ್ಟ ಉತ್ತರ ಇನ್ನೊಂದರ ಉತ್ತರಕ್ಕೆ ತಾಳೆ ಆದರೆ ಮಾತ್ರ ಒಪ್ಪುತ್ತಾರೆ ಅಂದಾಗ ಮಾವನ ಮುಖ ಅರಳಿತು. ಅವರಿಗೆ ನಕ್ಷತ್ರಕ್ಕಿಂತ ಆ ತಾಳೆಯೇ ಜಾಸ್ತಿ ಹಿಡಿಸಿತು ಅನಿಸುತ್ತದೆ.

ಕಕ್ಕಡ ತಿಂಗಳ ಮಳೆಯಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟ್ ಬರುವುದು ಯಾವಾಗಲೋ. ಆಗಲೂ ತೊಂದರೆ ಇಲ್ಲ. ಪ್ರೋಗ್ರಾಂ ಆಗಾಗ ತಾನು ಮುಟ್ಟಿದ ಹಂತವನ್ನು ಆ ಒಂದು ಫೋಲ್ಡರಿನಲ್ಲಿ ಬರೆದಿಡುತ್ತದೆ. ಕಂಟೈನರನ್ನೇ ಅಳಿಸಿ ಹೊಸದಾಗಿ ಎಬ್ಬಿಸಿದರೂ ಕೆಲಸ ಅಲ್ಲಿಂದಲೇ ಮುಂದುವರಿಯುತ್ತದೆ.

ಮಡಿಕೇರಿಗೆ ವಾಪಸ್ ಬರುವಾಗ ನನಗೆ ಹೊಳೆದದ್ದು ಈ ಪ್ರಶ್ನೆಯ ಇನ್ನೊಂದು ಮುಖ. ರೂಮು ಕೊಡುವವರ ಕಷ್ಟ ಹೀಗಾದರೆ, ರೂಮು ಕೇಳುವವರ ಕಷ್ಟ ಏನು? ಇಷ್ಟು ವರ್ಷ ಇಂಥ ಯೋಜನೆ ನಡೆಸಬೇಕಾದರೆ ವಿಂಡೋಸಿಗೆ ಒಂದು, ಮ್ಯಾಕಿಗೆ ಒಂದು, ಲಿನಕ್ಸಿಗೆ ಒಂದು ಅಂತ ಪ್ರೋಗ್ರಾಂ ಮಾಡಿ, ಅದರೊಳಗೆ ಬೋಯಿಂಕಿನ ಕೋಡ್ ಸೇರಿಸಿ, ಸರ್ವರ್ ನಡೆಸಬೇಕಿತ್ತು. ದೊಡ್ಡ ಸಂಸ್ಥೆಗಳಿಗೇ ಅದು ಭಾರ. ಈಗಿನ ಬೋಯಿಂಕ್ ಆವೃತ್ತಿಗಳು ಡಾಕರ್ ಅಥವಾ ಅದರಂಥದೇ ಪಾಡ್‌ಮನ್ ಮೂಲಕ ವಿಜ್ಞಾನಿಯ ಪ್ರೋಗ್ರಾಮನ್ನೇ ಕಂಟೈನರಿನಲ್ಲಿ ಓಡಿಸಬಲ್ಲವು. ಲಿನಕ್ಸಿನಲ್ಲಿ ಒಮ್ಮೆ ಬರೆದು ಕಟ್ಟಿಟ್ಟರೆ ವಿಂಡೋಸ್ ಇರುವ ಮನೆಯಲ್ಲೂ ಅದೇ ಗಂಟು ಬಿಚ್ಚಿಕೊಳ್ಳುತ್ತದೆ.

ಪೊನ್ನಂಪೇಟೆಯ ಅರಣ್ಯ ಕಾಲೇಜಿನ ಒಬ್ಬ ವಿದ್ಯಾರ್ಥಿನಿ, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದ ಒಬ್ಬ ಸಂಶೋಧಕ ಯಾಕೆ ಹೀಗೆ ರೂಮು ಕೇಳಬಾರದು? 2018ರ ಆಗಸ್ಟಿನಲ್ಲಿ ನಮ್ಮ ಗುಡ್ಡಗಳು ಕುಸಿದವು. ಮಾದಾಪುರದ ಸುತ್ತಮುತ್ತ ಆದದ್ದನ್ನು ನಾವ್ಯಾರೂ ಮರೆತಿಲ್ಲ. ಎಷ್ಟು ಮಳೆ, ಯಾವ ಇಳಿಜಾರು, ಎಂಥ ಮಣ್ಣು ಅಂತ ಸಾವಿರಾರು ಸಲ ಬದಲಿಸಿ ಬದಲಿಸಿ ಲೆಕ್ಕ ಹಾಕುವುದಿದೆಯಲ್ಲ, ಚೂರು ಮಾಡಿ ಮನೆಮನೆಗೆ ಹಂಚಲು ಹೇಳಿ ಮಾಡಿಸಿದ ಕೆಲಸ ಅದು. ಕೊಡಗಿನ ಮನೆಗಳ ಕಂಪ್ಯೂಟರುಗಳೇ ಅದನ್ನು ಮಾಡಬಹುದು. ನನಗೆ ಇದು ಆಗಬೇಕು ಅಂತ ತುಂಬಾ ಆಸೆ.

ಲೆಕ್ಕಕ್ಕೆ ಮೊದಲು ಅಂಕಿ ಬೇಕು. ಅದು ನಮ್ಮ ತೋಟದ ಮನೆಗಳಲ್ಲೇ ಇದೆ. ಮಾವ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು-ಸೆಂಟಿನಲ್ಲಿ (ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಡುತ್ತಾರೆ, ಅವರ ಅಪ್ಪನೂ ಬರೆದಿದ್ದರು. ಆ ಪುಸ್ತಕಗಳನ್ನು ಟೈಪ್ ಮಾಡಲಾ ಅಂತ ನಿನ್ನೆ ಫೋನಿನಲ್ಲಿ ಕೇಳಿದೆ. ಒಪ್ಪಿದರು, ಒಂದು ಷರತ್ತಿನ ಮೇಲೆ: ಮಿಲಿಮೀಟರ್ ಬೇಕಾದರೆ ಪಕ್ಕದಲ್ಲಿ ಬರೆದುಕೋ, ಅಪ್ಪ ಬರೆದ ಇಂಚನ್ನು ಮಾತ್ರ ಮುಟ್ಟಬೇಡ.