ಹಾಜರಿ ಪುಸ್ತಕ ಓದಬಲ್ಲ ಮಾಷ್ಟ್ರು

ಗಣಿತದ ಮಾಷ್ಟ್ರು ತೀರಿಕೊಂಡ ಸುದ್ದಿ ಬಂದಂದಿನಿಂದ ನಮ್ಮ ಬ್ಯಾಚಿನವರು ಸೇರಿದಲ್ಲೆಲ್ಲ ಅವರದೇ ಮಾತು. ಅವರು ಕಲಿಸಿದ ಪ್ರಮೇಯಗಳು ಹೆಚ್ಚಿನವರಿಗೆ ಮರೆತಿವೆ. ಕಾಸರಗೋಡಿನ ಈ ಕನ್ನಡ ಮಾಧ್ಯಮ ಶಾಲೆಯಲ್ಲಿ ಕೂಲಿಯವರ, ಬೀಡಿ ಕಟ್ಟುವವರ ಮಕ್ಕಳನ್ನು ಅವರು ಹತ್ತನೆಯ ತರಗತಿ ದಾಟಿಸಿದ ಕ್ರಮ ಮಾತ್ರ ಯಾರಿಗೂ ಮರೆತಿಲ್ಲ.

ಸತತ ಮೂರು ದಿನ ಬಾರದವರ ಮನೆಗೆ ಮಾಷ್ಟ್ರು ಅಂದೇ ಸಂಜೆ ಹೋಗುತ್ತಿದ್ದರು. ವಾರಕ್ಕೊಂದು ದಿನ ತಪ್ಪಿಸುವವರ ಬಗ್ಗೆ ಅವರಿಗೆ ಇನ್ನೂ ಹೆಚ್ಚು ಆತಂಕ, ಏಕೆಂದರೆ ಅಂಥವರು ಕೂಲಿಯ ರುಚಿ ಕಂಡಿರುತ್ತಾರೆ. ಅಡಿಕೆ ಸುಲಿಯುವ ಕಾಲದಲ್ಲೊಮ್ಮೆ ಹಿಂದಿನ ಬೆಂಚಿನವರೆಲ್ಲ ಒಬ್ಬನ ಕೈಯಲ್ಲೇ ರಜಾ ಅರ್ಜಿ ಬರೆಸಿ, ಅಪ್ಪಂದಿರ ಸಹಿಯನ್ನೂ ಅವನಿಂದಲೇ ಹಾಕಿಸಿದ್ದರು. ಎಲ್ಲರಿಗೂ ಜ್ವರ! ಮಾಷ್ಟ್ರು ಬೆತ್ತ ಮುಟ್ಟಲಿಲ್ಲ, ಕೈ ಚಾಚಲು ಹೇಳಿದರು. ಬೆರಳ ತುಂಬ ಸಿಪ್ಪೆಯ ಗೀರುಗಳು. ಆಮೇಲೆ ಮನೆಮನೆಗೆ ಹೋಗಿ, ಹುಡುಗರ ಕೆಲಸ ರಜಾದಿನಕ್ಕಷ್ಟೇ ಇರುವಂತೆ ಒಪ್ಪಿಸಿ ಬಂದರು. ಕೆಲಸವೇ ಕೂಡದು ಎಂದಿದ್ದರೆ ಮನೆಯವರು ಶಾಲೆಯನ್ನೇ ಬಿಡಿಸುತ್ತಿದ್ದರು.

ಕೇರಳದಲ್ಲಿ ಮಧ್ಯಾಹ್ನದ ಊಟ ಎಂಟನೆಯ ತರಗತಿಗೆ ಮುಗಿಯುತ್ತದೆ. ಒಂಬತ್ತಕ್ಕೆ ಬಂದ ಮೇಲೆ ಬುತ್ತಿ ಇಲ್ಲದವರು ಊಟದ ಬೆಲ್ಲಿಗೆ ಹೊರಗೆ ಹೋದರೆ ಮತ್ತೆ ಒಳಗೆ ಬರುವುದಿಲ್ಲ. ಮಾಷ್ಟ್ರು ಮಧ್ಯಾಹ್ನವೂ ಹಾಜರಿ ಕರೆದು, ಕಾಣೆಯಾದವರನ್ನು ಗುರುತಿಸಿ, ಅವರ ಊಟಕ್ಕೆ ಅಧ್ಯಾಪಕರ ಕಡೆಯಿಂದ ಹತ್ತಿರದ ಹೋಟೆಲಿನಲ್ಲಿ ತಿಂಗಳ ಲೆಕ್ಕ ಬರೆಸಿದ್ದರು.

ಅವರ ದೊಡ್ಡ ಕೆಲಸ ಕಾಗದಪತ್ರಗಳದ್ದು. ನಮ್ಮ ಮಕ್ಕಳ ಹೆಸರು ಶಾಲೆಯಲ್ಲಿ ಕನ್ನಡದಲ್ಲಿ, ರೇಷನ್ ಕಾರ್ಡಿನಲ್ಲಿ ಮಲಯಾಳದಲ್ಲಿ, ಪಾಸ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ. ಒಂದಕ್ಷರ, ಒಂದು ಇನಿಶಿಯಲ್ ಬೇರೆಯಾದರೂ ವಿದ್ಯಾರ್ಥಿವೇತನ ಖಾತೆಗೆ ಬೀಳದು. ಎಸ್ಸೆಸ್ಸೆಲ್ಸಿ ಪುಸ್ತಕ ಅಚ್ಚಾದ ಮೇಲೆ ತಿದ್ದುವುದು ಪಡಿಪಾಟಲು ಎಂದು ಅವರು ಎಂಟರಲ್ಲೇ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು. ಅದೇ ವರ್ಷ ಕೇಂದ್ರ ಸರಕಾರದ ವಿದ್ಯಾರ್ಥಿವೇತನಕ್ಕಾಗಿ ಎನ್‌ಎಂಎಂಎಸ್ ಪರೀಕ್ಷೆ. ಸರಕಾರಿ, ಅನುದಾನಿತ ಶಾಲೆಗಳ ಮಕ್ಕಳಿಗೆ ಅದರಲ್ಲಿ ಈಗ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ, ಮನೆಯ ವಾರ್ಷಿಕ ಆದಾಯದ ಮಿತಿ ಮೂರೂವರೆ ಲಕ್ಷ. ಪರೀಕ್ಷೆ ಗೆದ್ದವರೂ ಪ್ರತಿವರ್ಷ ನವೀಕರಿಸಲು ಮರೆತು ಹಣ ಕಳೆದುಕೊಳ್ಳುತ್ತಾರೆ.

ಫಲಿತಾಂಶದ ದಿನ ಮಾಷ್ಟ್ರು ಮೊದಲು ಹುಡುಕುತ್ತಿದ್ದುದು ಎ ಪ್ಲಸ್‌ನವರನ್ನಲ್ಲ, ಡಿ ಪ್ಲಸ್ ಸಿಗದವರನ್ನು. ಡಿ ಪ್ಲಸ್‌ಗೆ ಬೇಕಾದ ಶೇಕಡಾ 30 ಮುಟ್ಟದೆ ಉನ್ನತ ವ್ಯಾಸಂಗಕ್ಕೆ ಅರ್ಹತೆಯಿಲ್ಲ. ವರ್ಷ ಹಾಳಾಗದಂತೆ ‘ಸೇ’ (ಸೇವ್ ಎ ಇಯರ್) ಎಂಬ ಮರುಪರೀಕ್ಷೆ ಬರೆಯಬಹುದು, ಆದರೆ ಅರ್ಜಿಯ ಅವಧಿ ಕೆಲವೇ ದಿನ. ಅಷ್ಟರೊಳಗೆ ಮನೆಗೆ ಹೋಗದಿದ್ದರೆ ಹುಡುಗ ಮಂಗಳೂರಿನ ಹೋಟೆಲಿಗೆ ಸೇರಿರುತ್ತಾನೆ.

ಆ ಬ್ಯಾಚಿನ ನಾವು ಇಂದು ಬ್ಯಾಂಕು, ಶಾಲೆ, ಗಲ್ಫ್ ಎಂದು ಒಳ್ಳೆಯ ನೆಲೆ ಕಂಡಿದ್ದೇವೆ, ಅದರ ಹೆಮ್ಮೆ ನಮಗಿದೆ. ಈಗ ಹಲವೆಡೆ ವಿದ್ಯಾರ್ಥಿವೇತನದ ಸೂಚನೆಯನ್ನು ವಾಟ್ಸಾಪಿಗೆ ಹಾಕಿದಲ್ಲಿಗೆ ಕೆಲಸ ಮುಗಿಯಿತು. ಸ್ಮಾರ್ಟ್‌ಫೋನ್ ಇಲ್ಲದ ಅಮ್ಮನಿಗೆ ಅದು ತಲುಪುವುದು ಹೇಗೆ? ಅರ್ಜಿಯ ತಿಂಗಳುಗಳಲ್ಲಿ ನಮ್ಮಲ್ಲೊಬ್ಬರು ಶನಿವಾರ ಶಾಲೆಯಲ್ಲಿ ಕೂತು ದಾಖಲೆ ನೋಡೋಣ. ಆದಾಯ ಪ್ರಮಾಣಪತ್ರಕ್ಕೆ ಸರಕಾರಿ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರಕ್ಕೆ ಮಕ್ಕಳ ಜೊತೆ ಇನ್ನೊಬ್ಬರು ಹೋಗಲಿ.